ಚಾಲಿ ದರಕ್ಕೊಂದು ಗೆರೆ

ಚಿಕ್ಕಪ್ಪನ ಮಳೆ ಲೆಕ್ಕ, ಶಿರಸಿ ಪೇಟೆಯ ಚಾಲಿ ಅಡಿಕೆ ದರ, ಎರಡನ್ನೂ ಇವತ್ತು ಆರ್ (R) ಅನ್ನೋ ಅಂಕಿಅಂಶದ ಸಾಫ್ಟ್‌ವೇರಿಗೆ ಏರಿಸಿದೆ. ಎಲ್‌ಎಮ್ (lm) ಅಂತ ಹೊಡೆದರೆ ಮಳೆಗೂ ದರಕ್ಕೂ ಇರೋ ನಂಟನ್ನ ಗೆರೆಯಾಗಿ ಲೆಕ್ಕ ಹಾಕೋ ರಿಗ್ರೆಶನ್ ಮುಗೀತು, ಗೆರೆ ಎಳೆಯೋಕೆ ಇನ್ನೊಂದು ಸಾಲು.

"ತಮಾ, ಇದಕ್ಕೆ ಎಷ್ಟು ಕೊಟ್ಟೆ?"

ಪುಕ್ಕಟೆ ಚಿಕ್ಕಪ್ಪ! ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಮೇಷ್ಟ್ರು, ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್, ಕಟ್ಟಿದ್ದು. 1995ರಲ್ಲಿ ಜಿಪಿಎಲ್ ಅನ್ನೋ ಮುಕ್ತ ತಂತ್ರಾಂಶ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು.

ತೆರೆದ ಕೂಡಲೇ ಅದೇ ಹೇಳಿಬಿಡತ್ತೆ, ದೊಡ್ಡಕ್ಷರದಲ್ಲಿ: ಯಾವ ಗ್ಯಾರಂಟಿಯೂ ಇಲ್ಲ. ದುಡ್ಡಿನ ಸಾಫ್ಟ್‌ವೇರುಗಳಲ್ಲೂ ಎಷ್ಟೋ ಇದನ್ನೇ ಹೇಳೋದು, ಯಾರೂ ಓದದ ಪುಟದಲ್ಲಿ.

ಚಿಕ್ಕಪ್ಪ ಕವಳ ಉಗಿದು ಬಂದು ನಕ್ಕರು. "ಅಡಿಕೆ ದರ ಹೇಳೋರಲ್ಲಿ ಇಷ್ಟು ನಿಯತ್ತಿನವರನ್ನ ನಾನು ಕಂಡಿಲ್ಲ."

ಚುಕ್ಕಿಗಳೋ ಗೆರೆ ಬಿಟ್ಟು ಚೆಲ್ಲಾಪಿಲ್ಲಿ. ಬರೀ ಮಳೆ ನಂಬಿದರೆ ಹೀಗೇ. ಕೊಳೆರೋಗ ಬಂದ ವರ್ಷಗಳನ್ನ ಬೇರೆ ಬರೆದುಕೊಡ್ತಾರಂತೆ, ಊಟ ಆದಮೇಲೆ.