ಕೂದಲಿನಷ್ಟು ತೆಳ್ಳಗಿನ ಗಾಜು

ಶಿವಮೊಗ್ಗದಲ್ಲಿ ಫೈಬರ್ ಸ್ಪ್ಲೈಸರ್, ಅಂದರೆ ಇಂಟರ್ನೆಟ್ ಕೇಬಲ್‌ನ ಗಾಜಿನ ಎಳೆ ಜೋಡಿಸುವ ಕೆಲಸದ ತರಬೇತಿಗೆ ಸೇರಿದಾಗ ಅಮ್ಮ, 'ವೈರ್ ಜೋಡಿಸೋಕೂ ಕ್ಲಾಸಾ?' ಅಂದಿದ್ದಳು. ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯಡಿ ಫೀಸಿಲ್ಲ, ಸರ್ಕಾರವೇ ಕೊಡುತ್ತದೆ. ಅದಕ್ಕೇ ಹೋದೆ, ಸುಳ್ಳು ಯಾಕೆ ಹೇಳಲಿ.

ಕೇಬಲ್ ಒಳಗಿನ ಗಾಜಿನ ಎಳೆ 125 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಮಾಹಿತಿ ಹೊತ್ತ ಬೆಳಕು ಓಡುವುದು ಅದರ ನಡುವಿನ ಸುಮಾರು 9 ಮೈಕ್ರಾನಿನಲ್ಲಿ ಮಾತ್ರ. ಮೇಲಿನ ಲೇಪನ ಸುಲಿದು, ಆಲ್ಕೋಹಾಲಿನಲ್ಲಿ ಒರೆಸಿ, ಕ್ಲೀವರ್‌ನಲ್ಲಿ ನೇರವಾಗಿ ಕತ್ತರಿಸಬೇಕು. ಆಮೇಲೆ ಯಂತ್ರದಲ್ಲಿಟ್ಟರೆ ಚಿಟ್ ಅಂತ ಒಂದು ಕಿಡಿ, ಎರಡು ತುದಿ ಕರಗಿ ಒಂದಾಗುತ್ತವೆ. ಕೈ ಬೆವರಿದ್ದರೆ ಕೆಲಸ ಕೆಟ್ಟಿತು. ನನ್ನ ಮೊದಲ ಐದೂ ಜೋಡಣೆ ಫೇಲ್. ತುಂಡಾದ ಚೂರೊಂದು ಬೆರಳಿಗೆ ಚುಚ್ಚಿಕೊಂಡು ಎರಡು ದಿನ ಕಾಡಿತು. ಕಣ್ಣಿಗೇ ಕಾಣಲ್ಲ!

ಬೇಸರ ಒಂದೇ: ಇಪ್ಪತ್ತೆಂಟು ಜನರಿಗೆ ಇದ್ದದ್ದು ಒಂದು ಯಂತ್ರ. ನನ್ನ ಸರದಿ ವಾರಕ್ಕೆ ಎರಡು ಸಲ ಬಂದರೆ ಜಾಸ್ತಿ. 2023ರಲ್ಲಿ ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಭಾರತ್‌ನೆಟ್ ಯೋಜನೆಯ ವಿಸ್ತರಣೆಗೆ ಕೇಂದ್ರ ಒಪ್ಪಿದ್ದು 1.39 ಲಕ್ಷ ಕೋಟಿ ರೂಪಾಯಿ. ಹಳ್ಳಿಹಳ್ಳಿಗೆ ಕೇಬಲ್ ಹೋಗುತ್ತದೆ, ಸರಿ. ಮಳೆಗಾಲದಲ್ಲಿ ಜೆಸಿಬಿ ಅದನ್ನು ಕಿತ್ತಾಗ ಜೋಡಿಸುವ ಕೈಗೂ ಅಭ್ಯಾಸ ಬೇಕಲ್ವಾ?

ನಿನ್ನೆ ಸಾಗರದ ಹತ್ತಿರ ಚರಂಡಿ ಪಕ್ಕ ಕೊಡೆ ಹಿಡಿದು ಹನ್ನೆರಡು ಎಳೆ ಜೋಡಿಸಿದೆ. ಒಂದೂ ಫೇಲ್ ಇಲ್ಲ. ಕೊಡೆ ಹಿಡಿದಿದ್ದು ಪಕ್ಕದ ಅಂಗಡಿಯ ಅಜ್ಜ.