ಗೂಡಿಲ್ಲದ ಮೊಟ್ಟೆ

ಅಳಿವಿನಂಚಿನ ಪ್ರಾಣಿಗಳ ಬಗ್ಗೆ ಬರೆದುಕೊಂಡು ಬನ್ನಿ ಅಂತ ನಾಲ್ಕನೇ ಕ್ಲಾಸಿಗೆ ಹೇಳಿದ್ದೆ. ಇವತ್ತು ಹುಲಿ, ಆನೆ, ಸಿಂಗಳೀಕ ಎಲ್ಲ ಬಂದವು. ಒಬ್ಬ ಹುಡುಗ ಮಾತ್ರ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ, ತಂದಿದ್ದ.

ನಮ್ಮ ಸಿರುಗುಪ್ಪದ ಹಕ್ಕಿ!

ಹಾಳೆ ತುಂಬ ಕಪ್ಪು ಕ್ರೆಯಾನ್ ತಿಕ್ಕಿದ್ದ. ಅದು ಎರೆ ಹೊಲವಂತೆ. ನಡುವೆ ಒಂದೇ ಒಂದು ಮೊಟ್ಟೆ.

"ಗೂಡು ಮರೆತೆಯಲ್ಲೋ" ಅಂದೆ.

"ಇಲ್ಲ ಮಿಸ್, ಅದು ಗೂಡು ಕಟ್ಟಲ್ಲ. ನೆಲದ ಮ್ಯಾಲೇ ಇಡ್ತೈತಿ. ಒಂದೇ ಮೊಟ್ಟೆ."

ತಾತನನ್ನು ಕೇಳಿಕೊಂಡು ಬಂದಿದ್ದನಂತೆ. ಮೊಟ್ಟೆಯ ಮೇಲೆ ಕಂದು ಚುಕ್ಕೆಗಳನ್ನೂ ಬಿಡದೆ ಇಟ್ಟಿದ್ದ.

ಆಕಾಶದಲ್ಲಿ ಸ್ಕೇಲಿಟ್ಟು ಎಳೆದ ಮೂರು ಗೆರೆ. ಕರೆಂಟ್ ತಂತಿ. ಆ ಗೆರೆ ನೋಡಿ ಮಾತೇ ಹೊರಡಲಿಲ್ಲ. ಗಂಡು ಹಕ್ಕಿ 15 ಕೆಜಿವರೆಗೆ ತೂಗುತ್ತದೆ. ಕಣ್ಣು ತಲೆಯ ಎರಡು ಪಕ್ಕಕ್ಕಿವೆ, ಎದುರಿನದ್ದು ಸರಿಯಾಗಿ ಕಾಣಲ್ಲ. ತಂತಿ ಹತ್ತಿರ ಬಂದ ಮೇಲೆ ಅಷ್ಟು ಭಾರದ ಮೈ ತಿರುಗಿಸೋದಾದರೂ ಹೇಗೆ?

ಇಡೀ ದೇಶದಲ್ಲಿ ಈಗ 150ರ ಆಸುಪಾಸು ಉಳಿದಿವೆ, ಜಾಸ್ತಿ ಇರೋದು ರಾಜಸ್ಥಾನದಲ್ಲಿ. ರಾಣೆಬೆನ್ನೂರಿನಲ್ಲೂ ಒಂದು ಕಾಲಕ್ಕೆ ಇದ್ದವು. ಹುಲ್ಲುಗಾವಲನ್ನು ಖಾಲಿ ಜಾಗ ಅಂದುಕೊಂಡು ನೀಲಗಿರಿ ನೆಟ್ಟೆವು. ನಮ್ಮ ಕಡೆ ಬೆರಳೆಣಿಕೆಯಷ್ಟು ಮಾತ್ರ.

"ನೀವು ನೋಡೀರಾ ಮಿಸ್?" ಅಂದ.

ಇಲ್ಲಪ್ಪ ಅಂದೆ. ಇಷ್ಟು ವರ್ಷ ಇದೇ ಊರಲ್ಲಿದ್ದೂ ನೋಡಿಲ್ಲ.

"ತಾತ ನೋಡ್ಯಾನ. ಹೊಲದಾಗ ನೋಡಿ ಕಾಲಿಡ್ರಿ ಮಿಸ್, ಮೊಟ್ಟೆ ಮಣ್ಣಿನ ಬಣ್ಣಾನೇ ಇರ್ತೈತಿ."

ಆ ಹಾಳೆಯನ್ನು ಕ್ಲಾಸಿನ ಬಾಗಿಲಿಗೇ ಅಂಟಿಸಿದ್ದೇನೆ.