ಹೋದ ತಿಂಗಳು ಇದನ್ನು ಮಾಡಲು ಬರುತ್ತಿರಲಿಲ್ಲವೇ?

ಶನಿವಾರದಿಂದ ಅಮ್ಮನ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ತಿಪಟೂರಿಗೆ ಹೋಗಿದ್ದೆ. ಸಂಜೆ ಅಮ್ಮನ ಜೊತೆ ಔಷಧಿ ಅಂಗಡಿಗೆ ಹೋದಾಗ, ಅಂಗಡಿಯವರು ಅಮ್ಮನ ಹೃದಯದ ಮಾತ್ರೆಯ ಎಂದಿನ ಡಬ್ಬಿಗೆ ಕೈ ಹಾಕದೆ ಬೇರೊಂದು ಸ್ಟ್ರಿಪ್ ಮುಂದಿಟ್ಟರು. "ಅಮ್ಮಾ, ಎಂಪಾಗ್ಲಿಫ್ಲೋಜಿನ್ ಈಗ ಬೇರೆ ಕಂಪನಿಗಳದ್ದೂ ಬಂದಿದೆ. ಅದೇ ಔಷಧಿ, ಅದೇ ಹತ್ತು ಮಿಲಿಗ್ರಾಂ. ಡಾಕ್ಟರನ್ನು ಒಂದು ಮಾತು ಕೇಳಿ ತೆಗೆದುಕೊಳ್ಳಿ" ಎಂದರು. ಇಷ್ಟು ದಿನ ಮಾತ್ರೆಯೊಂದಕ್ಕೆ ಸುಮಾರು 60 ರೂಪಾಯಿ ಕೊಡುತ್ತಿದ್ದೆವು. ಇದಕ್ಕೆ ಹತ್ತು ರೂಪಾಯಿಯೂ ಇಲ್ಲ. ಅಮ್ಮ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು: "ಹೋದ ತಿಂಗಳು ಇದನ್ನು ಮಾಡಲು ಬರುತ್ತಿರಲಿಲ್ಲವೇನಪ್ಪಾ?"

"ಬರುತ್ತಿತ್ತಮ್ಮ. ಬೇರೆಯವರು ಮಾಡಿ ಮಾರಬಾರದು ಎನ್ನುವ ಹಕ್ಕು, ಅದೇ ಪೇಟೆಂಟ್, ಮುಗಿಯಬೇಕಿತ್ತು. ಮಂಗಳವಾರ ಮುಗಿಯಿತು" ಎಂದರು ಅಂಗಡಿಯವರು.

ಅವರು ಒಳ್ಳೆಯ ಮನುಷ್ಯ. ಏನೂ ಹೇಳದೆ ಹಳೆಯದನ್ನೇ ಕಟ್ಟಿಕೊಟ್ಟಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ, ಒಪ್ಪಿದರು. ಮನೆಗೆ ಬಂದಿದ್ದ ನೆಂಟರೊಬ್ಬರು ಮಾತ್ರ "ಅಗ್ಗದ ಮಾತ್ರೆ, ಹುಷಾರು" ಎಂದು ರಾಗ ತೆಗೆದರು. ಕಾಯಿಲೆಯವರ ಮುಂದೆ ಹೀಗೆ ಹೆದರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ರಾತ್ರಿ ಅಡುಗೆಮನೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಹಾಲಿನ ಲೆಕ್ಕದ ಗೀಟುಗಳ ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣ ಚುಕ್ಕೆಗಳು, ದಿನ ಬಿಟ್ಟು ದಿನ. ಏನೆಂದು ಕೇಳಿದೆ. ಮಾತ್ರೆ ತೆಗೆದುಕೊಂಡ ದಿನಗಳಂತೆ. ಕೊಬ್ಬರಿಗೆ ಬೆಲೆ ಇಲ್ಲದ ವರ್ಷ ಶುರು ಮಾಡಿದ್ದು, ಹಾಗೇ ಉಳಿಯಿತಂತೆ. "ನೀನು ದುಡ್ಡು ಕಳಿಸುತ್ತೀಯ, ಇಲ್ಲ ಎನ್ನುವುದಿಲ್ಲ. ಆದರೆ ಒಂದು ಮಾತ್ರೆಗೆ ಅರವತ್ತು ಎಂದರೆ ನುಂಗುವಾಗ ಗಂಟಲಲ್ಲೇ ನಿಲ್ಲುತ್ತದೆ." ಹೃದಯ ಸೋತಿದೆ, ಒಂದು ದಿನವೂ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದ ಮಾತ್ರೆ ಅದು.

ಬೆಂಗಳೂರಿಗೆ ಮರಳುವ ರೈಲಿನಲ್ಲಿ ಲೆಕ್ಕ ಹಾಕುತ್ತಾ ಕುಳಿತೆ. ನಮ್ಮ 1970ರ ಕಾನೂನು ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕಲ್ಲ. ಬೇರೆ ದಾರಿಯಲ್ಲಿ ಅದೇ ಔಷಧ ಮಾಡಿ ಮಾರಬಹುದಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ತಲೆಬಾಗಿ 2005ರ ಜನವರಿ 1ರಿಂದ ಔಷಧಕ್ಕೇ ಇಪ್ಪತ್ತು ವರ್ಷದ ಪೇಟೆಂಟ್ ಬಂತು. ಅಮ್ಮನ ಮಾತ್ರೆಯ ಇಪ್ಪತ್ತು ವರ್ಷ ಶುರುವಾದದ್ದು ಅದೇ ವರ್ಷದ ಮಾರ್ಚ್ 11ಕ್ಕೆ, ಮುಗಿದದ್ದು 2025ರ ಮಾರ್ಚ್ 11ಕ್ಕೆ. ಅವಧಿ ಮುಗಿಯುವ ಮೊದಲೇ ಪರೀಕ್ಷೆ ನಡೆಸಿ ಅನುಮತಿ ಪಡೆದುಕೊಳ್ಳಲು ಪೇಟೆಂಟ್ ಕಾನೂನಿನ 107ಎ ಸೆಕ್ಷನ್ ಬೇರೆ ಕಂಪನಿಗಳಿಗೆ ಅವಕಾಶ ಕೊಡುತ್ತದೆ, ಮಾರುವಂತಿಲ್ಲ ಅಷ್ಟೇ. ಅದಕ್ಕೇ ಮಂಗಳವಾರ ಬಾಗಿಲು ತೆರೆದರೆ ಶನಿವಾರ ತಿಪಟೂರಿನಲ್ಲಿ ಮಾತ್ರೆ ಸಿಕ್ಕಿತು.

ಹೊಸ ಔಷಧ ಹುಡುಕುವುದು ದುಬಾರಿ ಕೆಲಸ, ಒಪ್ಪುತ್ತೇನೆ. ಹುಡುಕಿದವರಿಗೆ ಪ್ರತಿಫಲ ಬೇಕು. ಆದರೆ ಇಪ್ಪತ್ತು ವರ್ಷ ಸಾಲದೆ, ಅದೇ ಔಷಧವನ್ನು ಸ್ವಲ್ಪ ಬದಲಿಸಿದ ಲವಣರೂಪಕ್ಕೋ ಇನ್ನೊಂದು ರೂಪಕ್ಕೋ ಮತ್ತೆ ಪೇಟೆಂಟ್ ಕೇಳುತ್ತಾರಲ್ಲ, ಅದನ್ನು ಸಹಿಸಲಾರೆ. ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್‌ಗೆ ಹಾಗೆ ಇನ್ನೂ ನಾಲ್ಕು ವರ್ಷ ಕೇಳಿದ್ದರು. ಕ್ಷಯದ ಹಳೆಯ ಔಷಧಗಳಿಂದ ಕೇಳುವ ಶಕ್ತಿ ಕಳೆದುಕೊಂಡಿದ್ದ ಇಬ್ಬರು, ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ, ನಮ್ಮ ಪೇಟೆಂಟ್ ಕಚೇರಿಯಲ್ಲಿ ತಕರಾರು ಸಲ್ಲಿಸಿದರು. 2023ರ ಮಾರ್ಚ್‌ನಲ್ಲಿ ಕಂಪನಿಯ ಆ ಪೇಟೆಂಟ್ ಅರ್ಜಿ ತಿರಸ್ಕೃತವಾಯಿತು. ಅವರಿಬ್ಬರೂ ಆಗಲೇ ಗುಣವಾಗಿದ್ದವರು. ಹೋರಾಡಿದ್ದು ಮುಖ ನೋಡದ ರೋಗಿಗಳಿಗಾಗಿ.

ನಾನೋ, ನನ್ನ ತಾಯಿಯ ಕ್ಯಾಲೆಂಡರನ್ನೇ ನೋಡಿರಲಿಲ್ಲ.

ನಿನ್ನೆ ಅಮ್ಮ ಫೋನ್ ಮಾಡಿದ್ದಳು. ಪಕ್ಕದ ಮನೆಯಾಕೆಯ ಔಷಧಿ ಚೀಟಿಯ ಫೋಟೋ ಕಳಿಸಿದ್ದಾಳೆ. ಅದರಲ್ಲಿ ಮೂರನೆಯ ಮಾತ್ರೆಗೆ ಬಹಳ ದುಡ್ಡಾಗುತ್ತದಂತೆ. "ಇದರದ್ದು ಯಾವತ್ತು ಮುಗಿಯುತ್ತದೆ, ನೋಡಿ ಹೇಳು" ಎಂದಳು.